ಕೆಂಚಮ್ಮತ್ತೆಯ ಹಿತ್ತಲಿನ ತಿರುವು

ನಮ್ಮೂರಿನಲ್ಲಿ ರೈಲು ರದ್ದಾದ ದಿನ ಹಾಲು ಹೆಪ್ಪಾಗುವುದಿಲ್ಲ. ಉಗುರು ಬೆಳೆಯುವುದಿಲ್ಲ, ಒದ್ದೆ ಬಟ್ಟೆ ಒಣಗುವುದಿಲ್ಲ, ಮೊಗ್ಗು ಬಿರಿಯುವುದಿಲ್ಲ. ಅಂಥ ದಿನ ಯಾರೂ ಹುಟ್ಟುವುದಿಲ್ಲ, ಯಾರೂ ಸಾಯುವುದೂ ಇಲ್ಲ. ಮಾರನೆಯ ದಿನ ಪ್ಯಾಸೆಂಜರು ಏದುಸಿರು ಬಿಡುತ್ತಾ ಬಂದು ನಿಂತ ಮೇಲೆ ಎಲ್ಲವೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕೈಯಿಂದ ಮಾಡುವ ಕೆಲಸಕ್ಕೆ ಈ ಕಟ್ಟು ಇಲ್ಲ. ರೊಟ್ಟಿ ತಟ್ಟುವವಳು ತನ್ನ ವೇಗದಲ್ಲೇ ತಟ್ಟುತ್ತಾಳೆ, ಜಗಳವಾಡುವವರು ತಮ್ಮ ವೇಗದಲ್ಲೇ ಆಡುತ್ತಾರೆ. ತಾನಾಗಿಯೇ ಆಗಬೇಕಾದದ್ದು ಮಾತ್ರ ರೈಲಿನ ವೇಗದಲ್ಲಿ ಆಗುತ್ತದೆ.

ನಾನು ಚಿಕ್ಕವಳಿದ್ದಾಗ ರೈಲು ತಕ್ಕಮಟ್ಟಿಗೆ ಓಡುತ್ತಿತ್ತು. ಆಮೇಲೆ ಹಳಿಗಳು ಸವೆದವು, ಮರದ ಸ್ಲೀಪರುಗಳು ಟೊಳ್ಳಾದವು, ಕೆಳಗಿನ ಜಲ್ಲಿ ಮಣ್ಣಿನಲ್ಲಿ ಹೂತುಹೋಯಿತು. ರೈಲ್ವೆಯವರು ದಾರಿಯುದ್ದಕ್ಕೂ ‘ನಿಧಾನ’ ಎಂಬ ಹಳದಿ ಹಲಗೆಗಳನ್ನು ನೆಟ್ಟರು. ಒಂದು ಹಲಗೆ ನೆಟ್ಟಾಗಲೆಲ್ಲ ನಮ್ಮ ಅಡುಗೆಮನೆಗಳಲ್ಲಿ ಏನಾದರೊಂದು ತಡವಾಗುತ್ತಿತ್ತು. ಇಡ್ಲಿ ಹಿಟ್ಟು ಹುದುಗಲು ಮೊದಲು ಒಂದು ರಾತ್ರಿ ಸಾಕಾಗಿತ್ತು. ಆಮೇಲೆ ಸೋಮವಾರ ರುಬ್ಬಿದ್ದು ಗುರುವಾರಕ್ಕೆ ಎಂದಾಯಿತು. ಹೆಂಗಸರು ಬೆಳಗ್ಗೆ ಎದ್ದು ಸ್ಟೇಷನ್ನಿಗೆ ಒಂದು ಸುತ್ತು ಹೋಗಿ, “ಇವತ್ತು ಹೆಂಗೆ ಮಾಸ್ಟ್ರೇ, ಲೇಟಾ?” ಎಂದು ಕೇಳಿಕೊಂಡು ಬಂದು ಅದಕ್ಕೆ ತಕ್ಕಂತೆ ಹೆಪ್ಪು ಹಾಕುತ್ತಿದ್ದರು. ಯಾರೂ ಇದನ್ನು ವಿಚಿತ್ರ ಎನ್ನಲಿಲ್ಲ. ಮದುವೆ ಮನೆಯವರು ಬಾಳೆಗೊನೆಯನ್ನು ಒಂದು ವರ್ಷ ಮೊದಲೇ ಹಣ್ಣಿಗೆ ಇಟ್ಟರು. ನಾನು ಡೈರಿ ಬರೆಯುತ್ತೇನೆ. ಶಾಯಿ ಒಣಗುವುದು ತಡವಾದ್ದರಿಂದ ಪುಟ ಮಗುಚುವ ಹಾಗಿರಲಿಲ್ಲ, ಬರೆದದ್ದನ್ನೇ ನೋಡುತ್ತಾ ಕೂರಬೇಕಿತ್ತು. ಮಾತು ಕಡಿಮೆ ಇರುವ ನನಗೆ ಅದು ಹಿತವಾಗಿಯೇ ಇತ್ತು.

ಹಿತವಾಗಿರದಿದ್ದದ್ದು ನನ್ನ ಅಕ್ಕನಿಗೆ. ಶಾಂಭವಿ ಅಕ್ಕ ಶಾಲೆಯಲ್ಲಿ ಆಟದ ಮೇಡಂ. ಮೈದಾನದಲ್ಲಿ ಮಕ್ಕಳಿಗೆ ಎತ್ತರ ಜಿಗಿತ ತೋರಿಸುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಡಾಕ್ಟರು ಕಟ್ಟು ಹಾಕಿ, “ತಾನಾಗಿಯೇ ಕೂಡಬೇಕು” ಎಂದರು. ಆ ಮಾತು ಕೇಳಿ ಅಮ್ಮ ಅಳಲು ಶುರು ಮಾಡಿದಳು. ನಮ್ಮೂರಿನಲ್ಲಿ ತಾನಾಗಿಯೇ ಎಂದರೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಬೇರೆ ಊರಿಗೆ ಒಯ್ಯೋಣವೆಂದರೆ ಇರುವುದು ಅದೇ ರೈಲು. ಆ ಹಳಿಯ ಮೇಲಿನ ಕುಲುಕಾಟಕ್ಕೆ ಕೂಡಿದ್ದಷ್ಟೂ ಬಿಟ್ಟುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿದರು. ಅಕ್ಕ ಮಂಚ ಹಿಡಿದಳು. ಅವಳು ಕಲಿಸಿದ್ದ ಹುಡುಗಿಯರು ಸ್ಕೂಲು ಮುಗಿಸಿ ಕಾಲೇಜಿಗೆ ಹೋದರು. ಅಕ್ಕ ಮಂಚದಲ್ಲೇ ಇದ್ದಳು. ಬಾಯಿ ಮಾತ್ರ ಮೊದಲಿಗಿಂತ ಜೋರಾಗಿತ್ತು.

ಬೇಸಿಗೆಯ ಆರಂಭದಲ್ಲಿ ಸಲ್ಡಾನ ಎಂಬ ರೈಲ್ವೆ ಇಂಜಿನಿಯರು ಬಂದಿಳಿದರು. ಹಳೇ ಹಳಿ ಕಿತ್ತು ಹೊಸದು ಹಾಕಿ, ಕಾಂಕ್ರೀಟಿನ ಸ್ಲೀಪರು ಜೋಡಿಸಿ, ಹೊಸ ಜಲ್ಲಿ ತುಂಬಿ, ಪ್ಯಾಸೆಂಜರಿನ ವೇಗ ಹೆಚ್ಚಿಸುವುದು ಅವರ ಕೆಲಸ. ಜತೆಯಲ್ಲಿ ಓಡಾಡಲು ಊರಿನ ಒಬ್ಬರು ಪದವೀಧರರು ಬೇಕೆಂದರು. ನಾನು ಓದು ಮುಗಿಸಿ ಮನೆಯಲ್ಲೇ ಕೂತಿದ್ದೆ. ಅಮ್ಮ ನನ್ನನ್ನು ತಳ್ಳಿಯೇ ಕಳಿಸಿದಳು. ನನ್ನ ಕೆಲಸ ಸುಲಭದ್ದು: ಹೊಸ ಹಳಿ ಎಲ್ಲಿ ಹಾದುಹೋಗುತ್ತದೋ ಅಲ್ಲಿನ ಮರ, ಗೋಡೆ, ಬೇಲಿಯ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಹಾಕುವುದು. ಮಾಲೀಕರು ಒಪ್ಪಿದ ಮೇಲೆ ಮಾತ್ರ. ಮಾತನಾಡಿಸುವ ಭಾಗವನ್ನು ಸಲ್ಡಾನ ಸಾಹೇಬರು ಮಾಡುತ್ತಿದ್ದರು. ನಾನು ಡಬ್ಬ ಹಿಡಿದು ಅವರ ಹಿಂದೆ ನಿಲ್ಲುತ್ತಿದ್ದೆ.

ಊರು ಹಿಗ್ಗಿತು. ಕೇಳಿದವರೆಲ್ಲ ಕೊಟ್ಟರು. ಉಳಿದದ್ದು ಒಂದು ತಿರುವು. ಸ್ಟೇಷನ್ನಿಗೆ ಬರುವ ಮೊದಲು ಹಳಿ ಬಗ್ಗಿಕೊಂಡು ಹೋಗುವುದು ಕೆಂಚಮ್ಮತ್ತೆಯ ಹಿತ್ತಲಿನ ಮಗ್ಗುಲಲ್ಲಿ. ತಿರುವು ಎಷ್ಟು ಬಿಗಿಯೆಂದರೆ ಡ್ರೈವರು ಅಲ್ಲಿ ಇಳಿದು ನಡೆದುಕೊಂಡು ಹೋಗಿ ಮತ್ತೆ ಹತ್ತಬಹುದು ಎಂದು ಜನ ನಗೆಯಾಡುತ್ತಿದ್ದರು. ಅದನ್ನು ಹಿಗ್ಗಿಸಬೇಕಾದರೆ ಹಳಿ ಅತ್ತೆಯ ಹಿತ್ತಲಿನೊಳಗೆ ಸರಿಯಬೇಕು. ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು, ಬಚ್ಚಲು ಎಲ್ಲ ಹೋಗುತ್ತವೆ. “ಒಪ್ಪದಿದ್ದರೆ ಬಲವಂತ ಮಾಡಲ್ಲ,” ಎಂದರು ಸಾಹೇಬರು. “ಆದರೆ ಈ ಒಂದು ತಿರುವು ಹಿಂಗೇ ಉಳಿದರೆ ಉಳಿದ ದಾರಿಗೆ ಹಾಕಿದ ಕಬ್ಬಿಣ ದಂಡ. ಬೇಸಿಗೆ ಮುಗಿಯೋದರೊಳಗೆ ತೀರ್ಮಾನ ಆಗಬೇಕು. ಆಮೇಲೆ ಸಾಮಾನಿನ ವ್ಯಾಗನ್ನು ಬೇರೆ ಕಡೆ ಹೋಗುತ್ತೆ.”

ಅವರೇ ಕೇಳಿದರು. ಕೆಂಚಮ್ಮತ್ತೆ ಅವರಿಗೆ ಕುರ್ಚಿ ಹಾಕಿ, ಪಾನಕ ಕೊಟ್ಟು, ಆಗುವುದಿಲ್ಲ ಎಂದಳು. ಕಾರಣ ಹೇಳಲಿಲ್ಲ. ಸಾಹೇಬರು ಬಚ್ಚಲಿನ ಆಸೆ ಎಂದುಕೊಂಡು ಬೇರೆ ಕಡೆ ಹೊಸ ಬಚ್ಚಲು ಕಟ್ಟಿಸುವ ಮಾತಾಡಿದರು. ಕಾರಣ ಬಚ್ಚಲು ಅಲ್ಲವೆಂದು ಊರಿಗೆ ಗೊತ್ತಿತ್ತು. ಅತ್ತೆಯ ಗಂಡ ಹಾಲಪ್ಪ ಮಾವ, ಊರಿನ ಟೈಲರು, ಪುಪ್ಪುಸ ಕೆಟ್ಟು ಮಲಗಿದ್ದ. ಬೇರೆ ಎಲ್ಲಾದರೂ ಆಗಿದ್ದರೆ ಅವನದು ಮಾಗಿ ಕಳೆಯುವವರೆಗಿನ ಮಾತು ಎಂದು ಡಾಕ್ಟರು ಆಗಲೇ ಹೇಳಿದ್ದರು. ನಮ್ಮೂರಾದ್ದರಿಂದ ಅವನ ಪಾಲಿನ ಆ ಮಾಗಿ ಇನ್ನೂ ಕಳೆದಿರಲಿಲ್ಲ. ಅವನ ರೋಗವೂ ಪ್ಯಾಸೆಂಜರಿನಲ್ಲೇ ಕೂತಿತ್ತು.

ಬೀದಿಯಲ್ಲಿ ಹಾಲಿನ ಸಾವಂತ್ರಿ ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. “ಕೆಂಚಮ್ಮಾ, ಊರೆಲ್ಲ ಕಾಯ್ತಾ ಐತೆ. ಒಂಚೂರು ಯೋಚ್ನೆ ಮಾಡು.”

“ನಿಮ್ಮನೆ ಮೊಸರು ಬೇಗ ಹೆಪ್ಪಾಗಲಿ ಅಂತ ನಾನು ಕುಂಕುಮ ಅಳಿಸ್ಕೊಳ್ಳಲಾ?” ಎಂದಳು ಕೆಂಚಮ್ಮತ್ತೆ.

ಆಮೇಲೆ ಬೀದಿಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಸಾವಂತ್ರಿ ಆ ದಿನದಿಂದ ಅವಳಿಗೆ ಒಂದು ಲೋಟ ಹಾಲು ಹೆಚ್ಚಿಗೆ ಹಾಕತೊಡಗಿದಳು.

ಸಾಹೇಬರು ಮಾತ್ರ ನನ್ನನ್ನು ದಿನಾ ಕಳಿಸುತ್ತಿದ್ದರು. “ಹೆಂಗಸರು ಹೆಂಗಸರು ಮಾತಾಡ್ಕೊಳ್ಳಿ” ಎಂದು. ನಾನು ಬಣ್ಣದ ಡಬ್ಬ ಹಿಡಿದು ಹೋಗುತ್ತಿದ್ದೆ. ಅತ್ತೆ ಬಾಗಿಲಲ್ಲೇ, “ಬಾರೇ ಮೃದುಲಾ. ಡಬ್ಬ ಆ ಕಲ್ಲಿನ ಮೇಲಿಡು. ನೆಲದ ಮೇಲೆ ಚೆಲ್ಲಿದರೆ ಮುಂದಿನ ಯುಗಾದಿಗೂ ಒಣಗಲ್ಲ” ಎನ್ನುತ್ತಿದ್ದಳು. ಮಜ್ಜಿಗೆ ಕೊಡುತ್ತಿದ್ದಳು. ನಾನು ಕುಡಿಯುತ್ತಿದ್ದೆ. ಕೇಳಬೇಕೆಂದುಕೊಂಡ ಮಾತು ಮಜ್ಜಿಗೆಯ ಜೊತೆ ಒಳಗೇ ಹೋಗುತ್ತಿತ್ತು. ಕಿಟಕಿಯ ಪಕ್ಕದ ಮಂಚದಿಂದ ಹಾಲಪ್ಪ ಮಾವ, “ಏನಮ್ಮ ಪೇಂಟ್ರೇ, ಇವತ್ತಾದರೂ ಬೋಣಿ ಆಯ್ತಾ?” ಎಂದು ಕೆಣಕುತ್ತಿದ್ದ. ನಾನು ತಲೆ ಆಡಿಸಿ ಎದ್ದು ಬರುತ್ತಿದ್ದೆ.

ಮನೆಗೆ ಬಂದರೆ ಅಕ್ಕನ ವಿಚಾರಣೆ. “ಏ ಮೂಗಿ, ಇವತ್ತೇನು ಮಾಡಿದೆ?”

“ಮಜ್ಜಿಗೆ ಕುಡಿದೆ.”

“ನಿನ್ನೆ?”

“ನಿನ್ನೇನೂ ಅದೇ.”

“ಭೇಷ್. ರೈಲ್ವೆಯವರು ನಿನ್ನ ಇಟ್ಕೊಂಡಿರೋದು ಮಜ್ಜಿಗೆ ಕುಡಿಯೋಕಾ?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಗೋಡೆಯ ಕಡೆ ನೋಡುತ್ತಾ ಹೇಳಿದಳು: “ನೋಡು, ಕೇಳಬೇಡ. ಸಾಹೇಬರು ಬೇಕಾದರೆ ಕೇಳ್ಕೊಳ್ಳಲಿ. ನನ್ನ ಕಾಲಿಗೋಸ್ಕರ ಅಂತ ನೀನು ಕೇಳಲೇಬೇಡ. ನಾಳೆ ನಾನು ಎದ್ದು ಓಡಾಡಿದರೆ ಆ ಬೀದೀಲಿ ಮುಖ ಎತ್ತಿ ಹೋಗೋದು ಹೆಂಗೆ?”

ಅವಳ ಮುಖ ಕಾಣಿಸಲಿಲ್ಲ. ಹೊದಿಕೆಯ ಕೆಳಗೆ ಚೆನ್ನಾಗಿದ್ದ ಕಾಲಿನ ಬೆರಳುಗಳು ಮಾತ್ರ ಅಲ್ಲಾಡುತ್ತಿದ್ದವು. ಅವು ಯಾವಾಗಲೂ ಅಲ್ಲಾಡುತ್ತಲೇ ಇರುತ್ತಿದ್ದವು.

ಒಂದು ಬೆಳಗ್ಗೆ ನಾನು ಹೋದಾಗ ಅತ್ತೆ ನೀರಿಗೆ ಹೋಗಿದ್ದಳು. ಮಾವ ಒಬ್ಬನೇ ಇದ್ದ. ಎರಡೂ ಕೈಯಿಂದ ಮಂಚದ ಅಂಚನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದ. ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. “ಇರು,” ಎಂದ. “ಓಡಬೇಡ. ಕೂತ್ಕೋ.”

ಕೂತೆ. ಎಷ್ಟೋ ಹೊತ್ತಾದ ಮೇಲೆ ಅವನು ಕಣ್ಣು ತೆರೆದ. “ಮೊನ್ನೆ ಎದ್ದ ನೋವು ಕಣಮ್ಮ. ಇನ್ನೂ ಇಳಿದಿಲ್ಲ. ಕೆಂಚಿ ಮುಂದೆ ನಗ್ತಾ ಇರ್ತೀನಿ. ಅವಳು ಆ ಕಡೆ ತಿರುಗಿದಾಗ ಮಂಚ ಹಿಡ್ಕೋತೀನಿ. ಜನ ಏನಂತಾರೆ, ಹಾಲಪ್ಪನ ಆಯಸ್ಸು ಗಟ್ಟಿ ಅಂತಾರೆ. ರೋಗ ಒಂದೇ ನಿಧಾನ ಅಂದ್ಕೊಂಡಿದಾರೆ. ನೋವೂ ನಿಧಾನ ಅಲ್ವೇನೇ? ಬಂದದ್ದು ಹೋಗೋದೇ ಇಲ್ಲ.”

“ಅತ್ತೆಗೆ ಹೇಳಿ ಮಾವ” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು.

“ಹೆಂಗೆ ಹೇಳಲಿ? ಹೇಳಿದರೆ ‘ನಿನ್ನ ಬಿಟ್ಟು ಹೋಗ್ತೀನಿ, ರೈಲು ಬಿಡು’ ಅಂದ ಹಾಗಾಗುತ್ತೆ. ಅವಳು ನನ್ನ ಇಷ್ಟು ದಿನ ಕಾದಿದ್ದು ಯಾಕೆ ಹಾಗಾದರೆ?” ನನ್ನ ಕಡೆ ತಿರುಗಿದ. “ನೀನೇ ಒಂದು ಮಾತು ಹೇಳಿಬಿಡು.”

ಹೇಳಿದರೆ ಅಕ್ಕನ ಕಾಲು ಕೂಡುತ್ತದೆ. ಅದಕ್ಕೇ ನಾನು ಹೇಳುವ ಹಾಗಿರಲಿಲ್ಲ. ಗಂಡನೇ ಹೀಗೆಂದ ಎಂದು ನಾನು ಹೇಳಿದರೆ ಅತ್ತೆ ಯಾಕೆ ನಂಬಬೇಕು? ನನ್ನ ಬಾಯಿಂದ ಬರುವುದರಲ್ಲಿ ಅವನ ನೋವೆಷ್ಟು, ಅಕ್ಕನ ಕಾಲೆಷ್ಟು ಎಂದು ನನಗೇ ಬೇರೆ ಮಾಡಿ ಹೇಳಲು ಆಗುತ್ತಿರಲಿಲ್ಲ.

“ನಾನು ಹೇಳಿದರೆ ಅಕ್ಕನ ಕಾಲೇ ಮಾತಾಡಿದ ಹಾಗಾಗುತ್ತೆ ಮಾವ,” ಎಂದೆ. “ನನ್ನಿಂದ ಆಗಲ್ಲ. ತಪ್ಪು ತಿಳ್ಕೋಬೇಡಿ.”

ಅವನು ನನ್ನನ್ನೇ ನೋಡಿದ. ಬೈಯುತ್ತಾನೆ ಎಂದುಕೊಂಡೆ. “ಅಯ್ಯೋ, ನಿನಗೆ ಮಾತು ಬರುತ್ತಲ್ಲೇ!” ಎಂದು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವ ಮೊದಲೇ ಕೈ ಚಾಚಿ, “ಹೊಲಿಗೆ ಮಿಷಿನ್ನಿನ ಖಾನೆ ತೆಗಿ. ಬಟ್ಟೆ ಗುರುತು ಮಾಡೋ ಸೀಮೆಸುಣ್ಣ ಇರುತ್ತೆ, ನೀಲಿದು. ಟೇಪೂ ತಾ. ಆಮೇಲೆ ನನ್ನ ಎಬ್ಬಿಸು” ಎಂದ.

ಎಬ್ಬಿಸಿದೆ. ಆ ಮೈಯಲ್ಲಿ ಭಾರವೇ ಇರಲಿಲ್ಲ. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಗೋಡೆಯ ಮೇಲೆ ಇಟ್ಟು ಹಿತ್ತಲಿಗೆ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ತಿರುವನ್ನು ನೋಡಿದ, ನುಗ್ಗೆಮರ ನೋಡಿದ, ಅಂಗಿಗೆ ಅಳತೆ ತೆಗೆದುಕೊಳ್ಳುವಾಗ ಗಿರಾಕಿಯನ್ನು ನೋಡುತ್ತಿದ್ದನಲ್ಲ, ಹಾಗೆ. ಹಿತ್ತಲಿನ ಕಲ್ಲುಹಾಸಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಈ ತುದಿಯಿಂದ ಗೀಟು ಎಳೆಯಲು ಶುರು ಮಾಡಿದ. ಒಂದು ಮೊಳ ಎಳೆಯುವುದು, ಉಸಿರು ತೆಗೆದುಕೊಳ್ಳುವುದು, ಕೂತಲ್ಲೇ ಮುಂದಕ್ಕೆ ಜರುಗುವುದು. ನಾನು ಹಿಡಿಯಲು ಹೋದರೆ, “ಬಿಡು, ಕತ್ತರಿ ಹಾಕೋ ಜಾಗ ನಾನೇ ಗುರುತು ಮಾಡಬೇಕು” ಎಂದ.

ಅವನು ಬಚ್ಚಲಿನ ಹತ್ತಿರ ಬರುವಷ್ಟರಲ್ಲಿ ಕೆಂಚಮ್ಮತ್ತೆ ಕೊಡ ಹೊತ್ತು ಬಂದಳು. ಹಿತ್ತಲ ಬಾಗಿಲಲ್ಲಿ ನಿಂತಳು. ಕೊಡ ಸೊಂಟದ ಮೇಲೇ ಇತ್ತು. ಗಂಡನನ್ನು ನೋಡಿದಳು, ನೆಲದ ಮೇಲಿನ ನೀಲಿ ಗೀಟು ನೋಡಿದಳು, ನನ್ನನ್ನು ನೋಡಿದಳು. ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಎನ್ನಿಸಿತು. ಮಾವ ತಲೆ ಎತ್ತಲಿಲ್ಲ. ಮುಂದಿನ ಮೊಳಕ್ಕೆ ಟೇಪು ಹಾಸುತ್ತಿದ್ದ. ಟೇಪು ಸುರುಳಿಯಾಗಿ ವಾಪಸು ಬರುತ್ತಿತ್ತು. ಮತ್ತೆ ಹಾಸಿದ. ಮತ್ತೆ ಸುರುಳಿಯಾಯಿತು.

ಅತ್ತೆ ಕೊಡ ಇಳಿಸಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ಅವನ ಎದುರು ಕೂತು, ಟೇಪಿನ ಆ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದಳು.

“ಸೊಟ್ಟ ಹೋಗ್ತಾ ಐತೆ,” ಎಂದಳು. “ಈ ಕಡೆಗೆ ಎಳೀರಿ.”

“ನನಗೆ ಹೇಳ್ಕೊಡ್ತೀಯಾ?”

“ನಲವತ್ತು ವರ್ಷ ಬಟ್ಟೆ ತುದಿ ಹಿಡಿದೋಳು ನಾನು. ಎಳೀರಿ ಅಂದ್ರೆ.”

ಅವನು ಈ ಕಡೆಗೆ ಎಳೆದ. ಅವಳ ಮೂಗಿನ ತುದಿಯಿಂದ ಒಂದು ಹನಿ ಗೀಟಿನ ಮೇಲೆ ಬಿತ್ತು. ಇಬ್ಬರೂ ಅದನ್ನು ಕಂಡು ಮುಂದಕ್ಕೆ ಜರುಗಿದರು. ಹಿತ್ತಲಿನ ಆ ತುದಿ ಮುಟ್ಟಿದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು: “ಅಷ್ಟು ನೋವಿತ್ತಾ?” ಮಾವ, “ಇತ್ತು ಕಣೇ” ಎಂದ. “ಹೇಳಬಾರದಿತ್ತಾ, ಮೂಢ” ಎಂದು ಅವನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದಿದಳು. ಆಮೇಲೆ ಆ ಕೈಯನ್ನು ಅಲ್ಲಿಂದ ತೆಗೆಯಲೇ ಇಲ್ಲ.

ಮಧ್ಯಾಹ್ನ ಸಲ್ಡಾನ ಸಾಹೇಬರು ಬಂದು ಗೀಟು ನೋಡಿ, “ಆದರೆ ತಿರುವಿನಲ್ಲಿ ಹಳಿ ಹಿಂಗೆ ನೆಟ್ಟಗೆ ಹೋಗೋಕಾಗಲ್ಲ, ಸ್ವಲ್ಪ ಬಾಗಬೇಕು...” ಎಂದು ಶುರು ಮಾಡಿದರು. ಕೆಂಚಮ್ಮತ್ತೆಯ ಮುಖ ನೋಡಿ ನಿಲ್ಲಿಸಿದರು. “ಇರಲಿ, ಹೊಂದಿಸ್ಕೋತೀವಿ” ಎಂದರು. ಅವರು ಹೊಂದಿಸಿಕೊಂಡದ್ದನ್ನು ಈಗಲೂ ನೋಡಬಹುದು. ಗೀಟು ಇದ್ದಲ್ಲಿಂದ ಹಳಿ ಒಂದು ಗೇಣು ಆಚೆಗೇ ಬಾಗಿ ಹೋಗಿದೆ. ಒಗೆಯುವ ಕಲ್ಲು ಉಳಿಯಿತು.

ಹಳಿ ಹಾಕುವ ಗ್ಯಾಂಗಿನವರು ಹಗಲು ರಾತ್ರಿ ಕೆಲಸ ಮಾಡಿದರು. ಹಳಿಯ ತುಂಡುಗಳನ್ನು ಬೆಸೆದು ಉದ್ದಕ್ಕೂ ಒಂದೇ ಮಾಡಿದರು. ಹಳದಿ ಹಲಗೆಗಳನ್ನು ಕಿತ್ತು ಲಾರಿಗೆ ತುಂಬಿದರು. ಒಂದನ್ನು ಹೋಟೆಲಿನ ತಿಪ್ಪೇಶಿ ಕೇಳಿ ಪಡೆದು ತನ್ನ ಅಡುಗೆ ಭಟ್ಟನ ತಲೆಯ ಮೇಲೆ ನೇತುಹಾಕಿದ.

ಹೊಸ ಹಳಿಯ ಮೇಲೆ ಮೊದಲ ರೈಲು ಬಂದ ದಿನ ಊರಿಗೆ ಊರೇ ಸ್ಟೇಷನ್ನಿನಲ್ಲಿತ್ತು. ರೈಲು ಬಂತು, ನಿಂತಿತು, ಹೋಯಿತು. ಹೂವು ಎರಚಲು ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಚಪ್ಪಾಳೆ ತಟ್ಟಿ ಮನೆಗೆ ಬಂದವರಿಗೆ ತಿಳಿಯಿತು, ಹಿಟ್ಟಿನ ವಿಷಯ ಒಬ್ಬರೂ ಯೋಚಿಸಿರಲಿಲ್ಲ. ಹಬ್ಬವೆಂದು ಮನೆಮನೆಯಲ್ಲೂ ಪಾತ್ರೆಯ ಕಂಠದವರೆಗೆ ರುಬ್ಬಿಟ್ಟಿದ್ದರು. ಎಲ್ಲ ಉಕ್ಕಿ, ಹೊಸಿಲು ದಾಟಿ, ಮೆಟ್ಟಿಲು ಇಳಿದು ಚರಂಡಿಯಲ್ಲಿ ಒಂದಕ್ಕೊಂದು ಸೇರಿಕೊಂಡಿತ್ತು. ಹೆಂಗಸರು ಕೂಗಾಡುತ್ತಾ, ನಗುತ್ತಾ, ತಪ್ಪಲೆ ಹಿಡಿದು ಓಡಿದರು. “ಇದು ನಿಮ್ಮನೇದೋ ನಮ್ಮನೇದೋ?” “ಉಪ್ಪು ಹಾಕಿದೀಯಾ ಹೇಳು, ನೆಕ್ಕಿ ನೋಡ್ತೀನಿ!” ಆ ಗದ್ದಲದ ನಡುವೆ ನಮ್ಮ ಮನೆಯೊಳಗಿಂದ ಅಕ್ಕನ ಕೂಗು ಕೇಳಿಸಿತು. ಬಿದ್ದಳೆಂದು ಓಡಿದೆ. ಅವಳು ಎದ್ದು ಕೂತು ಕಟ್ಟಿನ ಮೇಲೆ ಎರಡೂ ಕೈಯಿಂದ ಬಡಿಯುತ್ತಿದ್ದಳು. “ಕೆರೀತಾ ಐತೆ ಕಣೇ! ಒಳಗೆ ಮೂಳೇಲಿ ಕೆರೀತಾ ಐತೆ!” ಎಂದು ಅಳುತ್ತಾ ನಗುತ್ತಿದ್ದಳು.

ಹಾಲಪ್ಪ ಮಾವನಿಗೆ ಆಮೇಲೆ ಸಿಕ್ಕಿದ್ದು ಮಳೆ ಬರುವವರೆಗಿನ ದಿನಗಳು. ನಾನು ಕೆಲಸ ಮುಗಿದಿದ್ದರೂ ಹೋಗುತ್ತಿದ್ದೆ. ನೋವು ಬಂದರೆ ಈಗ ಗಟ್ಟಿಯಾಗಿ ಬೈಯುತ್ತಿದ್ದ. ಇಳಿದರೆ, “ನೋಡೇ, ಆಗಲೇ ಹೋಯ್ತು! ಎಷ್ಟು ಚೆನ್ನಾಗಿದೆ ನೋಡು” ಎಂದು ಆಶ್ಚರ್ಯಪಡುತ್ತಿದ್ದ. ಅತ್ತೆ ಅವನಿಗೆ ಬೇಕಾದ್ದೆಲ್ಲ ಮಾಡಿಕೊಟ್ಟಳು. ನುಗ್ಗೆಮರ ಹೋಗುವ ಮೊದಲು ಕಿತ್ತಿಟ್ಟಿದ್ದ ಕಾಯಿಯ ಸಾರು ಮಾಡಿಕೊಟ್ಟಳು. ಕಿಟಕಿಯ ಪಕ್ಕದಲ್ಲೇ ರೈಲು ಹೋಗುವಾಗ ಅವನು ಕೈ ಬೀಸುತ್ತಿದ್ದ. ಒಳಗಿದ್ದವರು ಬೀಸುವಷ್ಟರಲ್ಲಿ ಮುಂದಕ್ಕೆ ಹೋಗಿಬಿಟ್ಟಿರುತ್ತಿದ್ದರು. ಮೊದಲ ಮಳೆಯ ವಾರದಲ್ಲಿ, ಹಗಲು ಹೊತ್ತಿನಲ್ಲಿ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟುಕೊಂಡು ಹೋದ. ಒಂದು ಉಸಿರು, ಆಮೇಲೆ ಇನ್ನೊಂದು ಇಲ್ಲ. ಅಷ್ಟೇ ಆಯಿತು. ಎಳೆಯಲಿಲ್ಲ.

ಅಕ್ಕನ ಕಟ್ಟು ಬಿಚ್ಚಿದ್ದು ಅದಾದ ಮೇಲೆ. ಕೋಲು ಹಿಡಿದು ಮನೆಯೊಳಗೆ ನಡೆದಳು, ಅಂಗಳದಲ್ಲಿ ನಡೆದಳು. ಬೀದಿಗೆ ಇಳಿಯಲಿಲ್ಲ. ನಮ್ಮ ಮನೆಯಿಂದ ಶಾಲೆಗೆ ಹೋಗಬೇಕಾದರೆ ಕೆಂಚಮ್ಮತ್ತೆಯ ಮನೆಯ ಮುಂದೆಯೇ ಹೋಗಬೇಕು. ಹಿಂದಿನ ಹೊಲದಿಂದ ಇನ್ನೊಂದು ಸುತ್ತುದಾರಿ ಇತ್ತು. “ಹೊಲದ ಕಡೆಯಿಂದಲೇ ಹೋಗ್ತೀನಿ” ಎಂದಳು ಅಕ್ಕ. “ಅವರ ಕಣ್ಣಿಗೆ ಬೀಳೋದು ಬೇಡ. ಏನಂತ ಹೇಳಲಿ ಅವರಿಗೆ? ಯಾವ ಬಾಯಲ್ಲಿ?” ಮಾತಿಗೆ ಎಂದೂ ಬರ ಬಾರದಿದ್ದ ಅಕ್ಕ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಅವಳ ಕೈ ಹಿಡಿದೆ. “ಹೇಳೋದು ಏನೂ ಬೇಡ, ಬಾ,” ಎಂದೆ. “ಹೇಳದೇ ಇರೋದು ನನಗೆ ಅಭ್ಯಾಸ ಇದೆ. ನಾನು ಜತೆಗಿರ್ತೀನಿ.”

ನೇರ ಅತ್ತೆಯ ಮನೆಗೇ ಕರೆದೊಯ್ದೆ. ಅವಳು ಉಳಿದ ಹಿತ್ತಲಿನಲ್ಲಿ, ಉಳಿದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅಕ್ಕನನ್ನು ಕಂಡು ಕೈ ನಿಲ್ಲಿಸಿದಳು. ಅಕ್ಕ ಕೋಲೂರಿ ಒಂದು ಹೆಜ್ಜೆ ಮುಂದಿಟ್ಟಳು. “ಅತ್ತೇ, ನಾನು...” ಎಂದಳು.

“ನನಗೇನೂ ಹೇಳಬೇಡ,” ಎಂದಳು ಅತ್ತೆ. “ಆ ಕೋಲು ಇಲ್ಲಿ ಕೊಡು. ಅಲ್ಲಿವರೆಗೂ ನಡೆದು ಬಾ.”

ಅಕ್ಕ ಹಳಿಯ ಬೇಲಿಯವರೆಗೆ ನಡೆದು ವಾಪಸು ಬಂದಳು. ಅತ್ತೆ ತಲೆ ವಾರೆ ಮಾಡಿ, ಹೊಸ ಬಟ್ಟೆ ಹಾಕಿಕೊಂಡವರನ್ನು ಹಿಂದೆ ಮುಂದೆ ನೋಡುವ ಹಾಗೆ ನೋಡಿದಳು. “ಎಡಗಾಲು ಒಂಚೂರು ಎಳೀತಾ ಐತೆ. ಇನ್ನೊಂದು ಸಲ.” ಅಕ್ಕ ಮತ್ತೆ ನಡೆದಳು. “ಭುಜ ಎತ್ತು. ಆಟದ ಮೇಡಮ್ಮು ನೀನು, ಹಿಂಗಾ ನಡೆಯೋದು? ಇನ್ನೊಂದು ಸಲ.” ಅಕ್ಕನ ಕೆನ್ನೆ ಒದ್ದೆಯಾಗಿತ್ತು. ಈಗಿನ ರೈಲಿನ ವೇಗಕ್ಕೆ ಅದು ಮೂರನೆಯ ಸುತ್ತಿನಲ್ಲೇ ಒಣಗಿತು.

ಆಮೇಲೆ ಅಕ್ಕ ದಿನವೂ ಅದೇ ಬೀದಿಯಿಂದ ಶಾಲೆಗೆ ಹೋದಳು. ಕೆಂಚಮ್ಮತ್ತೆ ಬೀದಿ ಕಡೆಯ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. ಯಾವತ್ತು ಕೋಲು ಬಿಟ್ಟಳು, ಯಾವತ್ತು ಕುಂಟು ಹೋಯಿತು ಎಂಬುದು ಅಮ್ಮನಿಗಿಂತ ಮೊದಲು ಅವಳಿಗೆ ತಿಳಿಯಿತು. ಇಬ್ಬರ ನಡುವೆ ಮಾತು ಹೆಚ್ಚಿರಲಿಲ್ಲ. ಅಕ್ಕ ಕಿಟಕಿಯ ಮುಂದೆ ಬಂದಾಗ ಹೆಜ್ಜೆ ಒಂದಿಷ್ಟು ಬಿಗಿಯಾಗುತ್ತಿತ್ತು, ಅಷ್ಟೇ.

ಮೊನ್ನೆ ಬೆಳಗ್ಗೆ ಯಾರೋ ಬಾಗಿಲು ಬಡಿದರು. ಅಕ್ಕ ಇನ್ನೂ ಹಾಸಿಗೆಯಲ್ಲಿದ್ದಳು. ನಾನು ತೆರೆದೆ. ಕೆಂಚಮ್ಮತ್ತೆ ನಿಂತಿದ್ದಳು, ತಲೆ ಬಾಚಿರಲಿಲ್ಲ, ಉಸಿರು ಮೇಲಕ್ಕೆ ಬಂದಿತ್ತು.

“ಎಲ್ಲೇ ನಿಮ್ಮಕ್ಕ? ಯಾಕೆ ಈ ಕಡೆ ಬರಲಿಲ್ಲ ಇವತ್ತು? ಕಾಲಿಗೇನಾಯ್ತು?”

“ಏನೂ ಆಗಿಲ್ಲ ಅತ್ತೆ. ಇವತ್ತು ಭಾನುವಾರ.”

ಅತ್ತೆ ಬಾಗಿಲ ಚೌಕಟ್ಟು ಹಿಡಿದು ಉಸಿರು ಇಳಿಸಿಕೊಂಡಳು. ಆಮೇಲೆ ನನ್ನನ್ನು ಸರಿಸಿ, ಒಳಕ್ಕೆ ನೋಡಿ ಕೂಗಿದಳು: “ಕಾಲಿಗೂ ಭಾನುವಾರನೇನೇ? ಎದ್ದೇಳು!”

ಅಕ್ಕ ಎದ್ದಳು. ಕಣ್ಣುಜ್ಜಿಕೊಳ್ಳುತ್ತಾ, ಜಡೆ ಕೂಡ ಹಾಕಿಕೊಳ್ಳದೆ, ಬರಿಗಾಲಲ್ಲೇ ಬೀದಿಗೆ ಇಳಿದಳು. ಅತ್ತೆ ಕಟ್ಟೆಯ ಮೇಲೆ ಕೂತಳು. ಅಕ್ಕ ಸ್ಟೇಷನ್ನಿನ ಕಡೆಗೆ ನಡೆಯಲು ಶುರು ಮಾಡಿ, ಸ್ವಲ್ಪ ದೂರ ಹೋದ ಮೇಲೆ ಓಡಿದಳು.